ಬೋರ್ಡಿಲ್ಲದ ಬಸ್ಸು

1940ರಲ್ಲಿ ಜಪಾನಿನವರ ಬಾಯಲ್ಲೆಲ್ಲ ಒಂದೇ ಮಾತು: ‘ಬಸ್ಸು ತಪ್ಪಿಸಿಕೊಳ್ಳಬೇಡಿ!’ ಯುರೋಪಿನಲ್ಲಿ ಹಿಟ್ಲರ್ ಗೆಲ್ಲುತ್ತಿದ್ದ. ತಡವಾದರೆ ಸೀಟು ಸಿಗಲ್ಲ ಅನ್ನುವ ಗಾಬರಿ. ರಾಜಕೀಯ ಪಕ್ಷಗಳು ಒಂದೊಂದಾಗಿ ತಮ್ಮ ಅಂಗಡಿಯ ಬಾಗಿಲು ತಾವೇ ಎಳೆದುಕೊಂಡು ಸ್ಟಾಪಿಗೆ ಓಡಿಬಂದವು.

ಡ್ರೈವರ್ ಸೀಟಿನಲ್ಲಿ ಎರಡನೇ ಸಲ ಪ್ರಧಾನಿಯಾಗಿದ್ದ ಪ್ರಿನ್ಸ್ ಫುಮಿಮಾರೊ ಕೊನೊಯೆ. ಜಪಾನಿನ ಹಳೇ ಕುಲೀನ ಮನೆತನವಾದ ಫುಜಿವಾರ ವಂಶದ ಕುಡಿ. ಹುಡುಗರಾಗಿದ್ದಾಗ, ಮುಂದೆ ಮಾರ್ಕ್ಸ್‌ವಾದಿ ಎಂದು ಹೆಸರಾದ ಕವಾಕಾಮಿ ಹಾಜಿಮೆಯವರ ಪಾಠ ಕೇಳಲು ಕ್ಯೋಟೋಗೆ ಹೋಗಿದ್ದರು. 1937ರಲ್ಲಿ ವೇಷದ ಪಾರ್ಟಿಯೊಂದರಲ್ಲಿ ಹಿಟ್ಲರ್ ಆಗಿ ಫೋಟೊ ತೆಗೆಸಿಕೊಂಡರು. ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸುವವರನ್ನು ನಾವೂ ನೋಡಿದ್ದೇವೆ, ಅಲ್ವಾ?

ಅಕ್ಟೋಬರ್ 12ರಂದು, ಅವರ ಹುಟ್ಟುಹಬ್ಬದ ದಿನವೇ, ಪಕ್ಷಗಳ ಬದಲಿಗೆ ಎಲ್ಲರನ್ನೂ ಒಂದೇ ಕಡೆ ಕೂಡಿಸುವ ‘ಸಾಮ್ರಾಜ್ಯ ಆಡಳಿತ ನೆರವು ಸಂಘ’ ಎಂಬ ಬಸ್ಸು ಹೊರಟಿತು. ಎಲ್ಲಿಗೆ? ಚಕ್ರವರ್ತಿಯ ಪ್ರಜೆಯಾಗಿ ಕರ್ತವ್ಯ ಮಾಡುವುದೇ ನಮ್ಮ ಕಾರ್ಯಕ್ರಮ, ಅದು ಬಿಟ್ಟು ಬೇರೇನೂ ಇಲ್ಲ ಎಂದರು ಕೊನೊಯೆ. ಸುಮ್ನೆ ಕೂತ್ಕೊಳ್ಳಿ, ರೈಟ್ ರೈಟ್!

ಹತ್ತುವವರು ಡ್ರೈವರ್‌ನ ಹಳೇ ಸರ್ವಿಸನ್ನಾದರೂ ವಿಚಾರಿಸಬೇಕಿತ್ತು. 1937ರ ಜೂನ್‌ನಲ್ಲಿ ಮೊದಲ ಸಲ ಪ್ರಧಾನಿಯಾದರು. ಮುಂದಿನ ತಿಂಗಳೇ ಚೀನಾದ ಜೊತೆ ಯುದ್ಧ. 1938ರ ಜನವರಿಯಲ್ಲಿ, ಚೀನಾದ ಚಿಯಾಂಗ್ ಕೈ ಷೇಕ್ ಸರ್ಕಾರದ ಜೊತೆ ಇನ್ನು ವ್ಯವಹಾರವೇ ಇಲ್ಲ ಎಂದು ಸಾರಿದರು. ಮಾತು ಬಿಟ್ಟರು, ಯುದ್ಧ ಬಿಡಲಿಲ್ಲ. ಹಾಗಾದರೆ ರಾಜಿ ಯಾರ ಹತ್ತಿರ? ಆ ಪ್ರಶ್ನೆಯನ್ನು ಸೀಟಿನ ಮೇಲೇ ಬಿಟ್ಟು 1939ರ ಜನವರಿಯಲ್ಲಿ ಇಳಿದರು.

1941ರ ಜುಲೈ ಪ್ರಸಂಗವಂತೂ ಇನ್ನೂ ಚೆಂದ. ವಿದೇಶಾಂಗ ಮಂತ್ರಿ ಮತ್ಸುವೊಕಾ ಕೊನೊಯೆಗೆ ಬೇಡವಾಗಿದ್ದರು. ಆದರೆ ಮಂತ್ರಿಯನ್ನು ಕಿತ್ತುಹಾಕುವ ಅಧಿಕಾರ ಜಪಾನಿನ ಪ್ರಧಾನಿಗೆ ಇರಲಿಲ್ಲ. ಸರಿ, ಇಡೀ ಸಂಪುಟವೇ ರಾಜೀನಾಮೆ ಕೊಟ್ಟಿತು. ಎರಡು ದಿನ ಬಿಟ್ಟು ಕೊನೊಯೆ ಹೊಸ ಸಂಪುಟ ಕಟ್ಟಿಕೊಂಡು ಬಂದರು, ಮತ್ಸುವೊಕಾ ಇಲ್ಲದೆ. ಒಬ್ಬ ಪ್ಯಾಸೆಂಜರ್‌ನನ್ನು ಇಳಿಸಲು ಡ್ರೈವರ್ ಸಮೇತ ಎಲ್ಲರೂ ಇಳಿದು ಹತ್ತಿದ ಹಾಗೆ.

ಅಕ್ಟೋಬರ್‌ಗೆ ಅಮೆರಿಕದ ಜೊತೆ ಯುದ್ಧ ಎಂಬ ಪ್ರಪಾತ ಕಣ್ಣಿಗೇ ಬಿತ್ತು. ಬ್ರೇಕ್ ಹಾಕೋಣ ಅಂದರೆ ಯುದ್ಧಮಂತ್ರಿ ತೋಜೊ ಒಪ್ಪಲಿಲ್ಲ. ಹಟ ಹಿಡಿದು ಬ್ರೇಕ್ ಒತ್ತುವುದಕ್ಕಿಂತ ರಾಜೀನಾಮೆ ಸಲೀಸು. 16ರಂದು ಇಳಿದೇಬಿಟ್ಟರು. ಖಾಲಿ ಸೀಟಿಗೆ ಬಂದು ಕೂತದ್ದು ಅದೇ ತೋಜೊ! ಎರಡು ತಿಂಗಳು ತುಂಬುವ ಮೊದಲೇ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ದಾಳಿ.

1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಅಕ್ಟೋಬರ್‌ನಲ್ಲಿ ದೇಶದ ಸಂವಿಧಾನ ತಿದ್ದುವ ಕೆಲಸಕ್ಕೆ ಒಬ್ಬರು ಕೂತರು. ಬಸ್ಸು ಇನ್ನೂ ಹಳ್ಳದಲ್ಲೇ ಬಿದ್ದಿತ್ತು. ರಸ್ತೆ ನಿಯಮ ಬರೆಯಲು ಹೊರಟವರು ಕೊನೊಯೆ.