ಟೂರ್ನಮೆಂಟ್ ಮುಗಿದ ಮೇಲೆ ಕಣ್ಣಿಗೆ ಬಿದ್ದ ಕರಪತ್ರ

ಬೌಲಿಂಗ್ ಚೆಂಡಿನ ಹೆಬ್ಬೆರಳ ತೂತು ಬಿಗಿಯಾಗಿದೆಯೆಂದು ಸರಿಪಡಿಸಿಕೊಳ್ಳಲು ನಿನ್ನೆ ಸಂಜೆ ಪ್ರೊ ಶಾಪ್‌ಗೆ ಹೋಗಿದ್ದಾಗ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಳದಿ ಕರಪತ್ರ ಕಣ್ಣಿಗೆ ಬಿತ್ತು. ಹವ್ಯಾಸಿ ಆಟಗಾರರ ಸ್ಕ್ರ್ಯಾಚ್ (ಯಾರಿಗೂ ಹೆಚ್ಚುವರಿ ಅಂಕ ಕೊಡದ) ಸಿಂಗಲ್ಸ್ ಟೂರ್ನಮೆಂಟ್, ಲೇನಿಗೆ ಎಣ್ಣೆ ಹಾಕುವ ಕಷ್ಟದ ಬಗೆಯಾದ ಸ್ಪೋರ್ಟ್ ಪ್ಯಾಟರ್ನ್, ನಡೆಯುವ ಜಾಗ ನನ್ನ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಇಲ್ಲಿಗೆ ಬಂದಾಗಿನಿಂದ ನಾನು ಹುಡುಕುತ್ತಿರುವುದು ಇದನ್ನೇ. ದಿನಾಂಕ ನೋಡಿದರೆ ಕಳೆದ ಭಾನುವಾರದ್ದು. "ಇದು ವರ್ಷ ವರ್ಷವೂ ನಡೆಯುತ್ತದೆ, ಎಲ್ಲರಿಗೂ ಗೊತ್ತಿರುವುದೇ" ಎಂದು ಅಂಗಡಿಯವರು ತೂತು ಕೊರೆಯುತ್ತಲೇ ಹೇಳಿದರು. ಆ ಎಲ್ಲರೊಳಗೆ ಸೇರಿಕೊಳ್ಳಲು ಅರ್ಜಿಯನ್ನು ಎಲ್ಲಿ ಕೊಡಬೇಕೆಂದು ಕೇಳಬೇಕೆನಿಸಿತು; ಚೆಂಡು ಅವರ ಕೈಯಲ್ಲಿದ್ದುದರಿಂದ ಕೇಳಲಿಲ್ಲ.

ಡೆಟ್ರಾಯ್ಟ್‌ನಲ್ಲಿದ್ದಾಗ ನನಗೆ ಈ ಆಟದ ಹುಚ್ಚು ಹಿಡಿದದ್ದು ನಿಮಗೆಲ್ಲ ಗೊತ್ತೇ ಇದೆ. ಪಂಪ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಚಕ್ಕರ್ ಹೊಡೆದು ಟೂರ್ನಮೆಂಟಿಗೆ ಹೋಗಿ ಮನೆಯಲ್ಲಿ ಬೈಸಿಕೊಂಡದ್ದೂ ಗೊತ್ತು. ಆ ಸೀಮೆಯಲ್ಲಿ ಸ್ಪರ್ಧೆಗಳನ್ನು ಹುಡುಕಬೇಕಾದ ಪ್ರಮೇಯವೇ ಬರಲಿಲ್ಲ. ಆಲನ್ ಪಾರ್ಕ್‌ನ ಥಂಡರ್‌ಬೌಲ್ ಒಂದರಲ್ಲಿಯೇ 90 ಲೇನ್‌ಗಳಿವೆ. ಲೀಗ್ ನಡೆಯುವ ರಾತ್ರಿ ಪಕ್ಕದ ಲೇನಿನವರೊಡನೆ ಎರಡು ಮಾತನಾಡಿದರೆ ಮುಂದಿನ ತಿಂಗಳ ಶನಿವಾರ, ಭಾನುವಾರಗಳೆಲ್ಲ ತುಂಬಿಹೋಗುತ್ತಿದ್ದವು. ಕೆಲಸದ ನಿಮಿತ್ತ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಕಡೆಗೆ ಬಂದ ಮೇಲೆ ಅದೇ ಸುದ್ದಿಗಾಗಿ ನಾನು ಪತ್ತೇದಾರನ ಕೆಲಸ ಮಾಡಬೇಕಾಗಿದೆ.

ಇಲ್ಲಿ ಬೌಲಿಂಗ್‌ಗೆ ಬರವಿಲ್ಲ ಎಂಬುದೇ ಕಿರಿಕಿರಿಯ ಮೂಲ. ಆದರೆ ಅದರಲ್ಲಿ ಎಷ್ಟೋ ಪಾಲು ಕ್ಯಾಂಡಲ್‌ಪಿನ್, 1880ರಲ್ಲಿ ಇದೇ ವೂಸ್ಟರ್‌ನಲ್ಲಿ ಹುಟ್ಟಿದ ಬೇರೆಯೇ ಆಟ. ಚೆಂಡು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅದಕ್ಕೆ ಬೆರಳ ತೂತುಗಳಿಲ್ಲ, ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಒಂದು ಸರದಿಗೆ ಮೂರು ಎಸೆತಗಳಿದ್ದು, ಬಿದ್ದ ಪಿನ್‌ಗಳನ್ನು ನಡುವೆ ತೆಗೆಯುವುದಿಲ್ಲ. ಆ ಆಟದಲ್ಲಿ ಇಂದಿಗೂ ಯಾರೂ ಪೂರ್ಣಾಂಕವಾದ 300 ಮುಟ್ಟಿಲ್ಲ; ದಾಖಲೆ 245. ಅದನ್ನು ಆಡುವವರ ಬಗ್ಗೆ ನನಗೆ ಗೌರವವಿದೆ. ಹದಿನೈದು ಪೌಂಡಿನ ಚೆಂಡುಗಳ ಚೀಲವನ್ನು ಎಳೆದುಕೊಂಡು ಅವರ ಬಾಗಿಲಿಗೆ ಹೋಗಿ ನಿಂತರೆ ಅವರೇನು ಮಾಡಿಯಾರು? ಉಳಿದ ಟೆನ್‌ಪಿನ್ (ನಾನು ಆಡುವ ದೊಡ್ಡ ಚೆಂಡಿನ ಆಟ) ಜಾಗಗಳಲ್ಲಿ ಒಂದಕ್ಕೆ ಫೋನ್ ಮಾಡಿ ಟೂರ್ನಮೆಂಟ್ ಬಗ್ಗೆ ವಿಚಾರಿಸಿದಾಗ, ಆ ಕಡೆಯ ಹುಡುಗಿ ಬಹಳ ವಿನಯದಿಂದ ಹುಟ್ಟುಹಬ್ಬದ ಮಗುವಿನ ವಯಸ್ಸೆಷ್ಟು ಎಂದು ಕೇಳಿದಳು. ನಲವತ್ತಾರು ಎಂದೆ.

ಅಷ್ಟೊಂದು ಆಸೆಯಿದ್ದರೆ ಸುಮ್ಮನೆ ಹೋಗಿ ಆಡಬಾರದೇ, ಟೂರ್ನಮೆಂಟೇ ಏಕೆ ಬೇಕು ಎಂದು ಕೇಳುವ ಸ್ನೇಹಿತರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಲೇನ್ ಎಂದರೆ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ ಉದ್ದ, 39 ಹಲಗೆಗಳಷ್ಟು ಅಗಲ, ಅದರ ಮೇಲೆ ಕಣ್ಣಿಗೆ ಸುಲಭವಾಗಿ ಕಾಣದ ಎಣ್ಣೆಯ ಪದರ. ಲೀಗ್‌ಗಳಲ್ಲಿ ಸಾಮಾನ್ಯವಾಗಿ ಹಾಕುವ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ಎಣ್ಣೆ ದಟ್ಟವಾಗಿದ್ದು ಅಂಚುಗಳು ಹೆಚ್ಚುಕಡಿಮೆ ಒಣಗಿರುತ್ತವೆ. ಗುರಿ ತಪ್ಪಿ ಒಳಗೆ ಹೋದ ಚೆಂಡು ಎಣ್ಣೆಯ ಮೇಲೆ ಜಾರಿ ತಿರುವನ್ನು ಕಳೆದುಕೊಳ್ಳುತ್ತದೆ. ಹೊರಗೆ ಹೋದ ಚೆಂಡು ಒಣ ಹಲಗೆಯಲ್ಲಿ ಹಿಡಿತ ಸಿಕ್ಕಿ ಒಳಕ್ಕೆ ತಿರುಗುತ್ತದೆ. ಎರಡೂ ಕೊನೆಗೆ ಪಾಕೆಟ್‌ಗೇ, ಅಂದರೆ ಮೊದಲ ಪಿನ್ನಿನ ಪಕ್ಕದ ಸಂದಿಗೇ ಬಂದು ಬೀಳುತ್ತವೆ. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ನಡುವಿನ ಎಣ್ಣೆಗೂ ಅಂಚಿನ ಎಣ್ಣೆಗೂ ಅಷ್ಟೊಂದು ವ್ಯತ್ಯಾಸವಿರುವಂತಿಲ್ಲವಾದ್ದರಿಂದ ಈ ದಾಕ್ಷಿಣ್ಯ ಅಲ್ಲಿಲ್ಲ. ಎಣ್ಣೆಯ ಉದ್ದದಲ್ಲಿ 31 ಕಳೆದು, ಅಂದರೆ 40 ಅಡಿಯ ಪ್ಯಾಟರ್ನ್‌ಗೆ ಒಂಬತ್ತನೆಯ ಹಲಗೆಯ ಆಸುಪಾಸಿನಲ್ಲಿ ಚೆಂಡು ಎಣ್ಣೆ ದಾಟುವಂತೆ ಲೆಕ್ಕ ಹಾಕಿ ಆಡಬೇಕು, ಮತ್ತು ಉಳಿದವರ ಚೆಂಡುಗಳು ಎಣ್ಣೆಯನ್ನು ಒರೆಸಿಕೊಂಡು ಹೋದಂತೆಲ್ಲ ಆ ಲೆಕ್ಕವನ್ನು ಬದಲಿಸುತ್ತಿರಬೇಕು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗುವ ಆ 279, ಮೊದಲ ಒಂಬತ್ತು ಸರದಿಗಳೂ ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್) ಆಗಿ ಹತ್ತನೆಯದರಲ್ಲಿ ಬಲಮೂಲೆಯ ಒಂದು ಪಿನ್ ಅಲ್ಲಾಡದೆ ನಿಂತ ಆಟ, ಹೌಸ್ ಪ್ಯಾಟರ್ನ್‌ನದು. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ 180 ಹೊಡೆಯಲು ನಾನು ಬೆವರು ಸುರಿಸುತ್ತೇನೆ. ಈ ಎರಡರಲ್ಲಿ ನಿಜವಾದ ನಾನು ಎಷ್ಟು ಎಂಬುದು ಟೂರ್ನಮೆಂಟಿನಲ್ಲಿ ಬಿಟ್ಟು ಬೇರೆಲ್ಲಿಯೂ ತಿಳಿಯುವುದಿಲ್ಲ.

ವಿಚಿತ್ರವೆಂದರೆ ದೊಡ್ಡ ಸ್ಪರ್ಧೆಗಳ ಮಾಹಿತಿಗೆ ಕೊರತೆಯಿಲ್ಲ. ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್‌ನ ಓಪನ್ ಚಾಂಪಿಯನ್‌ಶಿಪ್ 2024ರಲ್ಲಿ ಲಾಸ್ ವೇಗಸ್‌ನಲ್ಲಿ, 2025ರಲ್ಲಿ ಬ್ಯಾಟನ್ ರೂಜ್‌ನಲ್ಲಿ ನಡೆಯಲಿದೆಯೆಂಬುದು ಬಹಳ ಮುಂಚೆಯೇ ತಿಳಿದಿತ್ತು. ವೃತ್ತಿಪರರ ಸಂಘದ ಪ್ರಾದೇಶಿಕ ಸ್ಪರ್ಧೆಗಳ ಪಟ್ಟಿಯೂ ಬಹಿರಂಗವಾಗಿರುತ್ತದೆ, ಹವ್ಯಾಸಿಗಳನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ನಮ್ಮಂಥವರು ಕಟ್ಟುವ ಪ್ರವೇಶ ಶುಲ್ಕ ವೃತ್ತಿಪರರ ಬಹುಮಾನಕ್ಕೆ ಕೊಟ್ಟ ದೇಣಿಗೆಯೇ ಸರಿ. ಕೆಳಗಡೆ ವಾರದ ಲೀಗ್‌ಗಳ ಫಲಕ ಎಲ್ಲ ಕಡೆಯೂ ತೂಗುತ್ತಿರುತ್ತದೆ. ಇವೆರಡರ ನಡುವಿನದು, ಒಂದು ಭಾನುವಾರ ಬೆಳಿಗ್ಗೆ ನಲವತ್ತು ಐವತ್ತು ಜನ ಸೇರಿ ಗಂಭೀರವಾಗಿ ಆಡಿ ಸಂಜೆಗೆ ಮನೆ ಸೇರುವ ಸ್ಪರ್ಧೆ, ಹೊಸಬನ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಲೀಗ್ ಸೇರಿಕೊಳ್ಳಿ, ಎಲ್ಲವೂ ತಾನಾಗಿಯೇ ತಿಳಿಯುತ್ತದೆ ಎಂಬ ಉಪದೇಶ ಬರುತ್ತದೆಂದು ಗೊತ್ತು, ಬಂದೂ ಇದೆ. ಲೀಗ್‌ಗಳು ಸೆಪ್ಟೆಂಬರಿನಲ್ಲಿ ಶುರುವಾಗಿ ವಸಂತದಲ್ಲಿ ಮುಗಿಯುತ್ತವೆ; ಜನವರಿಯ ಹಿಮದಲ್ಲಿ ಸಾಮಾನು ಇಳಿಸಿದವನು ಬದಲಿ ಆಟಗಾರನಾಗಿ ಕರೆಗೆ ಕಾಯುತ್ತಾ ಕೂರಬೇಕು. ಅದಕ್ಕಿಂತ ಮುಖ್ಯವಾಗಿ, ಟೂರ್ನಮೆಂಟುಗಳು ಸಾಮಾನ್ಯವಾಗಿ ಕೇಳುವುದು ಹಿಂದಿನ ಋತುವಿನ ಕನಿಷ್ಠ 21 ಆಟಗಳ ಸರಾಸರಿಯನ್ನು, ಮತ್ತು ನನ್ನ ಮಿಷಿಗನ್ ಸರಾಸರಿ ಸದಸ್ಯತ್ವದ ಸಂಖ್ಯೆಯೊಡನೆ ದೇಶದ ಯಾವ ಮೂಲೆಗೆ ಹೋದರೂ ನನ್ನ ಹಿಂದೆಯೇ ಬರುತ್ತದೆ. ಕಾಗದಪತ್ರಗಳೆಲ್ಲ ನೆಟ್ಟಗಿರುವಾಗ, ಸುದ್ದಿ ತಿಳಿಯುವುದಕ್ಕಾಗಿಯೇ ಒಂದು ಋತುವಿನ ಶುಲ್ಕ ಕಟ್ಟಬೇಕೆಂಬುದು ಯಾವ ನ್ಯಾಯ? ಇನ್ನು ಸರಾಸರಿ ಕಡಿಮೆಯಿರುವವರಿಗೆ ಹೆಚ್ಚುವರಿ ಪಿನ್ ಸೇರಿಸಿಕೊಡುವ ಹ್ಯಾಂಡಿಕ್ಯಾಪ್ ಸ್ಪರ್ಧೆಗಳಲ್ಲಿ ಹೊಸ ಮುಖವೆಂದರೆ ಅನುಮಾನ ಬೇರೆ. 220ರಿಂದ ಸರಾಸರಿಯನ್ನು ಕಳೆದು ಉಳಿದದ್ದರ ಶೇಕಡಾ 90ನ್ನು ಕೊಡುವ ಕಡೆ, ನನ್ನ 190ಕ್ಕೆ ಆಟವೊಂದಕ್ಕೆ 27 ಪಿನ್ ಸಿಗುತ್ತವೆ. ಸರಾಸರಿಯನ್ನು ಬೇಕೆಂದೇ ಇಳಿಸಿಕೊಂಡು ಬಂದಿರಬಹುದೇ ಎಂಬ ನೋಟ ಎದುರಾಗುತ್ತದೆ. ನಿಜ ಹೇಳಬೇಕೆಂದರೆ, ನನ್ನನ್ನು ಅಷ್ಟು ಒಳ್ಳೆಯ ಆಟಗಾರನೆಂದು ಶಂಕಿಸಿದಾಗ ಒಳಗೊಳಗೇ ಖುಷಿಯಾಗುತ್ತದೆ.

ನಡೆಸುವವರೆಲ್ಲ ಸಂಬಳವಿಲ್ಲದ ಉತ್ಸಾಹಿಗಳು, ಅವರಿಂದ ಇನ್ನೆಷ್ಟು ನಿರೀಕ್ಷಿಸುತ್ತೀರಿ ಎಂದೂ ಕೇಳಬಹುದು. ಒಪ್ಪುತ್ತೇನೆ. ಹಳದಿ ಕಾಗದ ಕೊಂಡು, ಅಚ್ಚು ಹಾಕಿಸಿ, ಅಂಗಡಿಗೆ ಒಯ್ದು ಇಡುವ ಶ್ರಮದ ನಾಲ್ಕನೆಯ ಒಂದು ಪಾಲಿನಲ್ಲಿ ಅದನ್ನೇ ಫೋಟೊ ತೆಗೆದು ಎಲ್ಲರಿಗೂ ಕಾಣುವ ಕಡೆ ಹಾಕಬಹುದಿತ್ತು ಎನ್ನುವುದಷ್ಟೇ ನನ್ನ ತಕರಾರು. 1980ರ ಹೊತ್ತಿಗೆ ಈ ದೇಶದಲ್ಲಿ ಗಂಡಸರ, ಹೆಂಗಸರ ಬೌಲಿಂಗ್ ಸಂಘಗಳೆರಡೂ ಸೇರಿ ತೊಂಬತ್ತು ಲಕ್ಷದಷ್ಟು ಸದಸ್ಯರಿದ್ದರು. 2005ರಲ್ಲಿ ಆ ಸಂಘಗಳೆಲ್ಲ ಒಂದಾದವು, ಈಗ ಉಳಿದಿರುವುದು ಸುಮಾರು ಹತ್ತು ಲಕ್ಷ. ಹೊಸಬರು ಬರುವುದಿಲ್ಲವೆಂದು ಹಳೆಯ ಆಟಗಾರರು ಕಾಫಿ ಕುಡಿಯುತ್ತಾ ಮರುಗುವುದನ್ನು ನಾನು ಇಲ್ಲಿಯೂ ಕೇಳಿದ್ದೇನೆ. ಬಂದು ಬಾಗಿಲಲ್ಲಿ ನಿಂತಿದ್ದೇನಲ್ಲ ಮಾರಾಯರೇ!

ಕರಿಬೇವು ಎಲ್ಲಿ ತಾಜಾ ಸಿಗುತ್ತದೆ, ಸತ್ಯನಾರಾಯಣ ಪೂಜೆಗೆ ಯಾರನ್ನು ಕರೆಯಬೇಕು ಎಂಬುದೆಲ್ಲ ಇಲ್ಲಿನ ಕನ್ನಡಿಗರಿಂದ ಬಂದ ವಾರದೊಳಗೇ ತಿಳಿಯಿತು, ಯಾರೂ ನನ್ನ ಹಳೆಯ ಪರಿಚಯದವರಲ್ಲ. ಬೆಂಗಳೂರಿನಲ್ಲಿ ಟೆನ್‌ಪಿನ್ ಆಡುವವರು ಬೆರಳೆಣಿಕೆಯಷ್ಟು ಎಂದು ನಾವು ಹಾಸ್ಯ ಮಾಡುತ್ತೇವೆ. ಆದರೆ ಚರ್ಚ್ ಸ್ಟ್ರೀಟ್‌ನ ಅಮೀಬಾಕ್ಕೆ ಹೋಗಿ ವಿಚಾರಿಸಿದರೆ ರಾಜ್ಯ ಮಟ್ಟದ ಸ್ಪರ್ಧೆ ಯಾವಾಗ ಎಂದು ಹೇಳುವವರು ಅಲ್ಲಿಯೇ ಸಿಗುತ್ತಾರೆ.

ಆದ್ದರಿಂದ ಬಾಸ್ಟನ್, ಪ್ರಾವಿಡೆನ್ಸ್, ಹಾರ್ಟ್‌ಫರ್ಡ್, ನಾಶುವಾ ಕಡೆಯ ಸ್ನೇಹಿತರಲ್ಲಿ ಒಂದು ಕೋರಿಕೆ. ನಿಮ್ಮ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಬೆರಳಿಗೆ ಟೇಪ್ ಸುತ್ತಿಕೊಂಡು ಬರುವ ಸಹೋದ್ಯೋಗಿ ಯಾರಾದರೂ ಇದ್ದರೆ, ದಯವಿಟ್ಟು ಅವರನ್ನು ಹಿಡಿದು ವಿಚಾರಿಸಿ. ಸ್ಕ್ರ್ಯಾಚ್ ಆದರೆ ಉತ್ತಮ, ಹ್ಯಾಂಡಿಕ್ಯಾಪ್ ಆದರೂ ಆದೀತು, ಎರಡು ಗಂಟೆಯ ದಾರಿಯವರೆಗೂ ಬರುತ್ತೇನೆ. ದಿನಾಂಕ, ಜಾಗ, ಶುಲ್ಕ, ಎಣ್ಣೆಯ ಉದ್ದ, ಇಷ್ಟು ತಿಳಿಸಿದರೆ ಸಾಕು. ದಿನಾಂಕ ಮಾತ್ರ ಮುಂದಿನದಾಗಿರಲಿ.