ಅತಿಥಿಗಳು ಬರುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ

ತುಮಕೂರಿನ ಯಾವ ಕಾಲೇಜಿನದ್ದಾದರೂ ಸರಿ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ತೆಗೆದು ನೋಡಿ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ’ ಅಂತ ಒಂದು ಸಾಲು. ಅದು ಎಷ್ಟು ಗಂಟೆಗೆ ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ.

ನಾನು ಅಲ್ಲಿ ಓದಿದ್ದು ತೊಂಬತ್ತರ ದಶಕದಲ್ಲಿ. ಕೊರಟಗೆರೆ ಕಡೆಯ ಹಳ್ಳಿಯಿಂದ ಬಸ್ ಪಾಸ್ ಮಾಡಿಸಿಕೊಂಡು ಓಡಾಡುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ಹೀಗೇ. ಗುಬ್ಬಿ, ಸಿರಾ, ಮಧುಗಿರಿ, ಕುಣಿಗಲ್ ರಸ್ತೆಯ ಹಳ್ಳಿಗಳವರು. ಸಂಜೆ ನಮ್ಮೂರಿನ ಒಳಗೆ ಹೋಗುವ ಬಸ್ಸು ಒಂದೇ. ಅದು ತಪ್ಪಿದರೆ ಕ್ರಾಸ್‌ನಲ್ಲಿ ಇಳಿದು ಕತ್ತಲಲ್ಲಿ ನಡೆಯಬೇಕು. ಹನ್ನೊಂದಕ್ಕೆ ಬರಬೇಕಾದ ಅತಿಥಿಗಳು ಒಂದೂವರೆಗೆ ಬರುತ್ತಿದ್ದರು. ದೀಪ ಬೆಳಗಿ, ನಾವೆಲ್ಲ ದೇಶದ ಆಸ್ತಿ ಅಂತ ಹೇಳಿ, ಹಾರ, ಶಾಲು, ನೆನಪಿನ ಕಾಣಿಕೆ, ವಂದನಾರ್ಪಣೆ ಎಲ್ಲ ಮುಗಿಯುವಷ್ಟರಲ್ಲಿ ನಾಲ್ಕು ಹೊಡೆಯುತ್ತಿತ್ತು. ಬೆಳಿಗ್ಗೆಯಿಂದ ಬಣ್ಣ ಹಚ್ಚಿಕೊಂಡು ಕೂತ ನಾಟಕದವರಿಗೆ ಸಿಗುತ್ತಿದ್ದದ್ದು ಹದಿನೈದು ನಿಮಿಷ. ನೋಡುವವರು ಆಗಲೇ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡ್ ದಾರಿ ಹಿಡಿದಿರುತ್ತಿದ್ದರು.

ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಕಂಪನಿ ಶುರುವಾದದ್ದು 1884ರಲ್ಲಿ. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ಬೆಳಗಿನ ಜಾವದವರೆಗೆ ಪೌರಾಣಿಕ ನಾಟಕ ಆಡುತ್ತಾರೆ. ದುರ್ಯೋಧನನ ಪಾತ್ರ ಬೇಕು ಅಂತ ಕೈಯಿಂದ ದುಡ್ಡು ಕೊಟ್ಟು ಆಡುವ ಜನ. ಅಂಥವರ ಮಕ್ಕಳಿಗೆ ಕಾಲೇಜಿನಲ್ಲಿ ಹದಿನೈದು ನಿಮಿಷ!

ಈಗ ನಾನಿರುವುದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ಇಲ್ಲಿಂದ 99ನೇ ನಂಬರಿನ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಸೇಂಟ್ ಆಂಡ್ರೂಸ್. ಗಾಲ್ಫ್ ನೋಡುವವರಿಗೆ ಈ ಹೆಸರು ಗೊತ್ತಿರುತ್ತದೆ. ಸಮುದ್ರದ ದಂಡೆಯ ಪುಟ್ಟ ಊರು. ಅಲ್ಲಿನ ವಿಶ್ವವಿದ್ಯಾಲಯ 1413ರದ್ದು. ಕಾಲೇಜು ನಡೆಯುವ ತಿಂಗಳುಗಳಲ್ಲಿ ಬೀದಿಯಲ್ಲಿ ಎಲ್ಲಿ ನೋಡಿದರೂ ಹುಡುಗ ಹುಡುಗಿಯರೇ.

ಅಲ್ಲಿ ಹೊಸದಾಗಿ ಸೇರಿದವರಿಗೆ ಅಪ್ಪ ಅಮ್ಮ ಸಿಗುತ್ತಾರೆ. ನಿಜವಾದವರಲ್ಲ. ಮೂರನೇ, ನಾಲ್ಕನೇ ವರ್ಷದಲ್ಲಿ ಓದುವವರು ಮೊದಲ ವರ್ಷದವರನ್ನು ಮಕ್ಕಳಾಗಿ ದತ್ತು ತೆಗೆದುಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಎರಡು ಮೂರು ಮಕ್ಕಳಿರುವುದೂ ಉಂಟು. ಯಾವ ಪ್ರೊಫೆಸರ್ ಹೇಗೆ, ಲೈಬ್ರರಿಯಲ್ಲಿ ಎಲ್ಲಿ ಕೂತರೆ ನೆಮ್ಮದಿ, ಮನೆ ನೆನಪಾಗಿ ಅಳು ಬಂದರೆ ಯಾರ ಬಾಗಿಲು ತಟ್ಟಬೇಕು, ಎಲ್ಲಕ್ಕೂ ಇವರೇ. ಮೊದಲ ಸೆಮಿಸ್ಟರ್ ನಡುವೆ ರೇಸಿನ್ ವೀಕೆಂಡ್ ಅಂತ ಒಂದು ಹಬ್ಬ. ಹಿಂದೆ ಹೊಸಬರು ಸೀನಿಯರ್‌ಗಳಿಗೆ ಧನ್ಯವಾದ ಹೇಳಲು ಒಂದು ಪೌಂಡ್ ಒಣದ್ರಾಕ್ಷಿ ಕೊಡುತ್ತಿದ್ದರಂತೆ. ಅವರು ಅದಕ್ಕೆ ಲ್ಯಾಟಿನ್ನಿನಲ್ಲಿ ರಸೀದಿ ಬರೆದು ಕೊಡಬೇಕಿತ್ತು. ಈಗ ಒಣದ್ರಾಕ್ಷಿ ಹೋಗಿ ವೈನ್ ಬಂದಿದೆ. ರಸೀದಿ ಮಾತ್ರ ಉಳಿದಿದೆ. ಅದನ್ನು ಕಾಗದದ ಮೇಲೇ ಬರೆಯಬೇಕು ಅಂತ ಏನೂ ಇಲ್ಲ, ಹೊತ್ತುಕೊಂಡು ಹೋಗಲು ಎಷ್ಟು ಕಷ್ಟವೋ ಅಷ್ಟು ಮಜಾ. ಭಾನುವಾರ ಅಮ್ಮನ ಮನೆಯಲ್ಲಿ ಟೀ. ಸೋಮವಾರ ಬೆಳಿಗ್ಗೆ ಅಮ್ಮ ಹಾಕಿದ ವೇಷದಲ್ಲಿ, ಅಪ್ಪ ಕೊಟ್ಟ ರಸೀದಿ ಹೊತ್ತು ಮಕ್ಕಳೆಲ್ಲ ಮೆರವಣಿಗೆ ಹೋಗಿ, ಒಬ್ಬರ ಮೇಲೊಬ್ಬರು ಶೇವಿಂಗ್ ಫೋಮ್ ಎರಚಿಕೊಳ್ಳುತ್ತಾರೆ. ನೋಡಿದರೆ ನಮ್ಮ ಹೋಳಿ. ಬಣ್ಣ ಒಂದೇ, ಬಿಳಿ.

ಇನ್ನೂ ಇವೆ. ಕೆಂಪು ಗೌನ್ ಹಾಕಿಕೊಂಡು ಭಾನುವಾರ ಬಂದರಿನ ಕಟ್ಟೆಯ ಮೇಲೆ ನಡೆಯುವುದು. ಏಪ್ರಿಲ್‌ನಲ್ಲಿ ಊರಿನ ಚರಿತ್ರೆಯ ಪಾತ್ರಗಳ ವೇಷ ಹಾಕಿ ಮೆರವಣಿಗೆ. ಅದರಲ್ಲಿ ಕೇಟ್ ಕೆನಡಿ ಅನ್ನುವ ಹೆಣ್ಣಿನ ವೇಷ ಮೊದಲ ವರ್ಷದ ಹುಡುಗನಿಗೇ ಮೀಸಲು. ಕಂಪನಿ ನಾಟಕದ ಸ್ತ್ರೀವೇಷ ಕಂಡವರಿಗೆ ಇದೇನೂ ಹೊಸದಲ್ಲ.

ನನಗೆ ತುಂಬ ಇಷ್ಟವಾದದ್ದು ಬೇರೆ. ವಿಶ್ವವಿದ್ಯಾಲಯದ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರದ ಮುಂದೆ ನೆಲದ ಕಲ್ಲಿನಲ್ಲಿ ‘ಪಿ ಎಚ್’ ಅಂತ ಎರಡು ಅಕ್ಷರ ಕೆತ್ತಿದ್ದಾರೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಯುವಕನನ್ನು ಧರ್ಮದ ವಿಚಾರಕ್ಕೆ 1528ರಲ್ಲಿ ಜೀವಂತ ಸುಟ್ಟ ಜಾಗ ಅದು. ಆ ಅಕ್ಷರ ತುಳಿದ ವಿದ್ಯಾರ್ಥಿ ಡಿಗ್ರಿಯಲ್ಲಿ ಫೇಲ್ ಆಗುತ್ತಾನೆ ಅನ್ನೋದು ನಂಬಿಕೆ. ಭೌತಶಾಸ್ತ್ರ ಓದುವ ಹುಡುಗರೂ ಅಲ್ಲಿ ಬಂದಾಗ ಪಕ್ಕಕ್ಕೆ ಸರಿದು ಹೋಗುತ್ತಾರೆ. ತುಳಿದುಬಿಟ್ಟರೆ ಪರಿಹಾರವೂ ಇದೆ. ಮೇ 1ರ ಬೆಳಗಿನ ಜಾವ ಮರಗಟ್ಟಿಸುವ ಸಮುದ್ರದಲ್ಲಿ ಒಂದು ಮುಳುಗು. ಮೂಢನಂಬಿಕೆ ನಮ್ಮ ದೇಶದ ಸೊತ್ತು ಅಂದುಕೊಂಡವರು ಆ ದಿನ ಬಂದು ನೋಡಬೇಕು.

ಎಲ್ಲ ಚಂದ ಅಂತ ನಾನೇನೂ ಹೇಳುವುದಿಲ್ಲ. ಕುಡಿತ ಜಾಸ್ತಿ. ರೇಸಿನ್ ದಿನ ಮಧ್ಯಾಹ್ನಕ್ಕೇ ರಸ್ತೆ ಬದಿಯಲ್ಲಿ ಕೂತವರನ್ನು ಕಾಣಬಹುದು. ಕುಡಿಯದ ಹುಡುಗ ಅಲ್ಲಿ ಸುಮ್ನೆ ಒಂದು ಮೂಲೆ ಹಿಡಿಯಬೇಕಾಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ನಾನು ಹೇಳಿದ ಈ ಯಾವುದರಲ್ಲೂ ಮುಖ್ಯ ಅತಿಥಿ ಇಲ್ಲ. ದೀಪ ಬೆಳಗುವವರಿಲ್ಲ. ಎಲ್ಲವನ್ನೂ ವಿದ್ಯಾರ್ಥಿಗಳೇ ಮುಂದೆ ನಿಂತು ಮಾಡುತ್ತಾರೆ, ಅವರೇ ನೋಡುತ್ತಾರೆ.

ನನ್ನ ಅಕ್ಕನ ಮಗಳು ಈಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕಾಲೇಜ್ ಡೇ ಹೇಗಾಯ್ತು ಅಂತ ಫೋನಿನಲ್ಲಿ ಕೇಳಿದೆ.

“ಮುಂದಕ್ಕೆ ಹೋಯ್ತು ಮಾಮ.”

“ಯಾಕೆ, ನೀವು ರೆಡಿ ಇರಲಿಲ್ವಾ?”

“ನಾವು ರೆಡಿ. ಅತಿಥಿಗಳ ಡೇಟ್ ಸಿಕ್ಕಿಲ್ವಂತೆ.”

ಹಾಗಂತ ನಮ್ಮಲ್ಲಿ ವಿದ್ಯಾರ್ಥಿಗಳದ್ದೇ ಅನ್ನುವಂಥದ್ದು ಇಲ್ಲವೇ ಇಲ್ಲ ಅಂತಲ್ಲ. ಇದೆ, ವೇದಿಕೆ ಹಾಕದ ಕಡೆಯೆಲ್ಲ ಇದೆ. ಆಯುಧಪೂಜೆ ನೆನಪಿಸಿಕೊಳ್ಳಿ. ಹಿಂದಿನ ದಿನವೇ ವರ್ಕ್‌ಶಾಪ್ ತೊಳೆದು, ಲೇತ್ ಮಷಿನ್ನಿಗೆ ವಿಭೂತಿ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದು ಕಡ್ಲೆಪುರಿ ಹಂಚುತ್ತಾರೆ. ಅವತ್ತು ಅಟೆಂಡರ್ ಹೇಳಿದ್ದೇ ನಡೆಯಬೇಕು, ಹೆಚ್‌ಒಡಿ ಕೂಡ ಕೈಕಟ್ಟಿ ನಿಲ್ಲುತ್ತಾರೆ. ಭಾಷಣ ಇಲ್ಲ. ಒಂದೂವರೆ ಗಂಟೆಯಲ್ಲಿ ಮುಗಿದು ಎಲ್ಲರೂ ಬಸ್ಸು ಹಿಡಿಯುತ್ತಾರೆ.

ಅದಕ್ಕಿಂತ ದೊಡ್ಡದು ಎನ್ನೆಸ್ಸೆಸ್ ಕ್ಯಾಂಪ್. ಗಾಂಧೀಜಿ ಹುಟ್ಟಿದ ನೂರನೇ ವರ್ಷದ ನೆನಪಿಗೆ 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯೇ ಎನ್ನೆಸ್ಸೆಸ್. ವರ್ಷಕ್ಕೊಮ್ಮೆ ಏಳು ದಿನ ಯಾವುದಾದರೂ ಹಳ್ಳಿಯಲ್ಲಿ ಶಿಬಿರ. ಸರ್ಕಾರಿ ಶಾಲೆಯ ಬೆಂಚು ಬದಿಗೆ ಸರಿಸಿ ಜಮಖಾನ ಹಾಸಿದರೆ ಅದೇ ಮಲಗುವ ಮನೆ. ಬೆಳಿಗ್ಗೆ ಚರಂಡಿ ತೆಗೆಯುವುದು, ಕಲ್ಯಾಣಿಯ ಹೂಳೆತ್ತುವುದು. ಅಡುಗೆ ನಮ್ಮದೇ. ಮೊದಲ ರಾತ್ರಿ ಹಿಟ್ಟು ತೊಳಸಲು ಹೋಗಿ ನಮ್ಮ ತಂಡ ಪಾತ್ರೆ ತುಂಬ ಗಂಟು ಮಾಡಿಟ್ಟಿತ್ತು. ಪಕ್ಕದ ಮನೆಯ ಅಜ್ಜಿ ಬಂದರು. ಸೆರಗು ಸೊಂಟಕ್ಕೆ ಸಿಗಿಸಿ, ನಮ್ಮ ಕೈಯಿಂದ ಹಿಟ್ಟಿನ ಕೋಲು ಕಿತ್ತುಕೊಂಡು, ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, “ಓದೋಕೆ ಬಂದಿರೋ ಮಕ್ಳಾ ನೀವು?” ಅಂತ ಬೈಯುತ್ತಲೇ ಒಂದೊಂದು ಗಂಟನ್ನೂ ಮುರಿದು ಹದ ಮಾಡಿದರು. ಮರುದಿನದಿಂದ ದಿನಾ ಸಂಜೆ ಅವರೇ ಬಂದು ನಿಂತು ಮಾಡಿಸುತ್ತಿದ್ದರು. ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯ ಮೇಲೆ ನಮ್ಮ ನಾಟಕ. ಊರಿನವರು ಬೀದಿಯಲ್ಲೇ ಕೂತು, ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳುತ್ತಿದ್ದರು. ಬಸ್ಸಿನ ಚಿಂತೆ ಇಲ್ಲ. ಸಮಾರೋಪದ ದಿನ ಮಾತ್ರ ಅತಿಥಿಗಳು ಬಂದರು. ಅವತ್ತಿನ ಭಾಷಣದ ಒಂದು ಸಾಲೂ ನನಗೆ ನೆನಪಿಲ್ಲ.

ಸೇಂಟ್ ಆಂಡ್ರೂಸ್‌ನಿಂದ ಒಂದನ್ನು ತುಮಕೂರಿಗೆ ತರಬಹುದಾದರೆ ನಾನು ಆ ಅಪ್ಪ ಅಮ್ಮನ ಪದ್ಧತಿ ತರುತ್ತೇನೆ. ವೈನ್ ಬಿಟ್ಟು. ರ‍್ಯಾಗಿಂಗ್ ವಿರುದ್ಧ ಯುಜಿಸಿ 2009ರಲ್ಲಿ ಕಟ್ಟುನಿಟ್ಟಾದ ನಿಯಮ ತಂತು. ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವು ಕಡೆ ಅದನ್ನು ಪಾಲಿಸುವ ಸುಲಭದ ದಾರಿ ಅಂದರೆ ಸೀನಿಯರ್, ಜೂನಿಯರ್ ಒಟ್ಟಿಗೆ ನಿಲ್ಲದಂತೆ ನೋಡಿಕೊಳ್ಳುವುದು. ಪಾವಗಡದಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇಂಗ್ಲಿಷ್ ಲೆಕ್ಚರ್ ಅರ್ಥವಾಗದಿದ್ದಾಗ ಯಾರನ್ನು ಕೇಳಬೇಕು? ನೋಟ್ಸ್ ಕೊಡುವ, ಯಾವ ಫಾರ್ಮ್ ಯಾವ ಕೌಂಟರಿನಲ್ಲಿ ಅಂತ ಹೇಳುವ ಒಬ್ಬಳು ಅಕ್ಕ ಬೇಕು. ನಮ್ಮಲ್ಲಿ ಅಪ್ಪ ಅಮ್ಮ ಅಂದರೆ ನಗುತ್ತಾರೆ, ಅಕ್ಕ ಅಣ್ಣ ಅಂದರೆ ತಾನಾಗಿ ಹೊಂದುತ್ತದೆ. ಕದ್ದುಮುಚ್ಚಿ ಅಲ್ಲ, ಕಾಲೇಜೇ ಹೆಸರು ಬರೆದಿಟ್ಟುಕೊಂಡು ಎಲ್ಲರ ಕಣ್ಣೆದುರು ಮಾಡಲಿ. ಅದಕ್ಕೂ ಒಂದು ಹಬ್ಬ ಬೇಕಾದರೆ ಎಲ್ಲ ಸೇರಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಲಿ. ದುಡ್ಡು ಸೀನಿಯರ್‌ಗಳದ್ದು.

ಹುಡುಗಿಯರ ವಿಚಾರ ಬೇರೆಯಾಗಿ ಹೇಳಬೇಕು. ಹಾಸ್ಟೆಲ್ ಗೇಟು ಹುಡುಗರಿಗಿಂತ ಮೊದಲು ಅವರಿಗೆ ಮುಚ್ಚುತ್ತದೆ. ಕಾರ್ಯಕ್ರಮ ಸಂಜೆಗೆ ಜಾರಿದಷ್ಟೂ ವೇದಿಕೆಯ ಮೇಲೆ ಹುಡುಗರೇ ಉಳಿಯುತ್ತಾರೆ. ಅಕ್ಕನ ಮಗಳ ತಂಡ ಎರಡು ತಿಂಗಳು ಕಲಿತ ಕೋಲಾಟವನ್ನು ಹೋದ ವರ್ಷ ಹೀಗೇ ಕೈಬಿಡಬೇಕಾಯಿತು. ಗೇಟಿನ ಸಮಯ ಬದಲಾಗಬೇಕು, ಅದಕ್ಕೆ ಬೇರೆ ಜಗಳವೇ ಬೇಕು. ಕಾರ್ಯಕ್ರಮದ ಸಮಯ ಬದಲಿಸಲು ಯಾರ ಅಪ್ಪಣೆಯೂ ಬೇಡ ಅಲ್ವಾ?

ಬೆಳಿಗ್ಗೆ ಹತ್ತಕ್ಕೆ ಕೋಲಾಟ, ನಾಟಕ ಶುರುವಾಗಲಿ. ಅತಿಥಿಗಳು ಎಷ್ಟೊತ್ತಿಗೆ ಬಂದರೂ ಸರಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿರೋಣ, ಕೂತು ನೋಡಲಿ. ಶಾಲು ಹೊದಿಸುವುದು ಮೂರರ ಮೇಲೆ, ಬಸ್ಸಿಗೆ ಹೋಗುವವರೆಲ್ಲ ಹೊರಟ ನಂತರ.