ಹಡಗು ನಾಲ್ಕಕ್ಕೆ, ವಿಮಾನ ಹತ್ತಕ್ಕೆ: ಈ ಲೆಕ್ಕ ಯಾಕೆ ಕೈಕೊಡುತ್ತದೆ

ಕ್ರೂಸ್ ಬುಕ್ ಮಾಡುವಾಗ ಬಾಲ್ಕನಿ ಇರುವ ಕ್ಯಾಬಿನ್ ಬೇಕೋ ಬೇಡವೋ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು, ಬಂದರು ಮುಟ್ಟುವ ದಾರಿಯ ವಿಚಾರವನ್ನು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. "ಹಡಗು ಹೊರಡೋದು ಸಂಜೆ ನಾಲ್ಕಕ್ಕೆ, ವಿಮಾನ ಇಳಿಯೋದು ಬೆಳಿಗ್ಗೆ ಹತ್ತಕ್ಕೆ. ಆರು ಗಂಟೆ ಇದೆಯಲ್ಲ, ಸಾಕು."

ಸಾಲದು. ನಾಲ್ಕಕ್ಕೆ ಹೊರಡುವ ಹಡಗಿನ ಚೆಕ್-ಇನ್ ಸಾಮಾನ್ಯವಾಗಿ ಎರಡೂವರೆಗೋ ಮೂರಕ್ಕೋ ಮುಚ್ಚುತ್ತದೆ. ಯಾರು ಯಾರು ಹತ್ತಿದ್ದಾರೆ ಎಂಬ ಪಟ್ಟಿ ಹಡಗು ಬಿಡುವ ಮೊದಲೇ ಅಧಿಕಾರಿಗಳ ಕೈ ಸೇರಬೇಕು. ಅಮೆರಿಕದ ಬಂದರುಗಳಲ್ಲಿ ಇದಕ್ಕೆ 60 ನಿಮಿಷದ ಗಡುವಿದೆ. ಆ ಪಟ್ಟಿ ಹೋದ ಮೇಲೆ ಹಡಗು ಕಣ್ಣೆದುರೇ ನಿಂತಿದ್ದರೂ ಹತ್ತಿಸುವುದಿಲ್ಲ. ಈಗ ಇನ್ನೊಂದು ತುದಿಯಿಂದ ಬನ್ನಿ. ಹತ್ತಕ್ಕೆ ಇಳಿದು, ಇಮಿಗ್ರೇಶನ್ ಸಾಲು, ಲಗೇಜ್ ಬೆಲ್ಟು, ಮಕ್ಕಳ ಟಾಯ್ಲೆಟ್ಟು ಎಲ್ಲ ಮುಗಿಯುವಾಗ ಹನ್ನೆರಡು. ದೊಡ್ಡ ಗಾಡಿ ಹುಡುಕಿ ಬಂದರು ಸೇರುವಾಗ ಒಂದೂವರೆ. ಕೈಯಲ್ಲಿ ಉಳಿದದ್ದು ಒಂದು ಗಂಟೆ, ಅದೂ ಎಲ್ಲ ಸುಸೂತ್ರವಾಗಿ ನಡೆದರೆ. ವಿಮಾನ ಒಂದು ಗಂಟೆ ತಡವಾಗುವುದು ಸುದ್ದಿಯೇ ಅಲ್ಲ.

ಹಾಗಾಗಿ ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ: ಹಿಂದಿನ ದಿನವೇ ಬಂದರಿನ ಊರು ಸೇರಿರಬೇಕು. ಖಂಡ ದಾಟಿ ಬರುವವರು ಎರಡು ದಿನ ಮೊದಲು. ಒಂದು ರಾತ್ರಿಯ ಹೋಟೆಲ್ ಬಾಡಿಗೆ ದಂಡ ಅನ್ನುವವರು ಹಡಗು ತಪ್ಪಿದರೆ ಏನಾಗುತ್ತದೆ ಅಂತ ಯೋಚಿಸಿರುವುದಿಲ್ಲ. ವಿಮಾನದ ಟಿಕೆಟ್ ನೀವಾಗಿಯೇ ಮಾಡಿಸಿದ್ದರೆ ಹಡಗಿನವರು ದುಡ್ಡು ವಾಪಸ್ ಕೊಡುವುದಿಲ್ಲ. ಮುಂದಿನ ಬಂದರಿಗೆ ಹೋಗಿ ಹತ್ತೋಣವೆಂದರೆ ಅಲ್ಲಿಗೆ ವೀಸಾ ಬೇಕು, ಹಡಗಿನವರ ಒಪ್ಪಿಗೆಯೂ ಬೇಕು. ಅಮೆರಿಕದಲ್ಲಿ 1886ರ ಹಳೆಯ ಕಾನೂನೊಂದು ವಿದೇಶಿ ಧ್ವಜದ (ಬೇರೆ ದೇಶದಲ್ಲಿ ನೋಂದಾಯಿಸಿದ) ಹಡಗು ಅಲ್ಲಿನ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಒಯ್ಯುವುದಕ್ಕೆ ಅಡ್ಡ ಬರುತ್ತದೆ. ಅಲ್ಲಿನ ಮುಂದಿನ ಬಂದರಿನಲ್ಲಿ ಹತ್ತಿ ಮೊದಲಿನದರಲ್ಲಿ ಇಳಿದರೆ ಅದೂ ಹಾಗೇ ಲೆಕ್ಕ, ಹೀಗಾಗಿ ಎಷ್ಟೋ ಸಲ ಒಪ್ಪಿಗೆಯೇ ಸಿಗುವುದಿಲ್ಲ.

ಬಂದರಿನ ಹೆಸರೇ ಒಂದು ಬಲೆ. ಬ್ರೋಷರಿನಲ್ಲಿ "ರೋಮ್" ಅಂತ ಇದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಯಾದಲ್ಲಿ, ರೋಮ್ ನಗರದಿಂದ ಸುಮಾರು 70 ಕಿ.ಮೀ. ಆಚೆ. "ಲಂಡನ್" ಅಂದರೆ ಬಹುತೇಕ ಸೌತಾಂಪ್ಟನ್. "ಪ್ಯಾರಿಸ್" ಅಂದರೆ ಲ ಹಾವ್ರ್, ಸುಮಾರು 200 ಕಿ.ಮೀ. "ಬರ್ಲಿನ್" ಅಂದರೆ ವಾರ್ನೆಮುಂಡೆ, ಅದಕ್ಕಿಂತಲೂ ದೂರ. ವೆನಿಸ್‌ನಲ್ಲಿ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ನಗರದ ಮುಂದಿನ ಕಾಲುವೆಗೆ ಬರುವಂತಿಲ್ಲ. "ವೆನಿಸ್" ಅಂತ ಮಾರುವ ಕೆಲವು ಕ್ರೂಸ್‌ಗಳು ರವೆನ್ನಾದಿಂದ ಹೊರಡುತ್ತವೆ, ರಸ್ತೆಯಲ್ಲಿ ಎರಡು ಗಂಟೆಗೂ ಹೆಚ್ಚು. ಆದ್ದರಿಂದ ಟಿಕೆಟ್‌ನಲ್ಲಿ ನಗರದ ಹೆಸರನ್ನಲ್ಲ, ಬಂದರಿನ ಹೆಸರು ಮತ್ತು ಟರ್ಮಿನಲ್ ನೋಡಿ. ದೊಡ್ಡ ಬಂದರಿನಲ್ಲಿ ಒಂದೇ ದಿನ ಐದಾರು ಹಡಗು ನಿಂತಿರುತ್ತವೆ. ಡ್ರೈವರಿಗೆ "ಬಂದರಿಗೆ ಬಿಡಿ" ಅಂದರೆ ಆತ ಯಾವ ಗೇಟಿಗೆ ತಾನೇ ಬಿಟ್ಟಾನು?

ವಿಮಾನದ ಟಿಕೆಟ್ ಮಾಡಿಸುವಾಗ ಇಡೀ ದಾರಿ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಅಗ್ಗವಾಗಿ ಕಾಣುತ್ತದೆ ನಿಜ. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದು ನಿಮ್ಮ ಪಾಡು. ಒಂದೇ ಬುಕಿಂಗ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ವಿಮಾನದವರದ್ದು. ದಿನದ ಮೊದಲ ವಿಮಾನ ಸಿಕ್ಕರೆ ಒಳ್ಳೆಯದು, ಏಕೆಂದರೆ ಒಂದೇ ವಿಮಾನ ದಿನವಿಡೀ ಓಡಾಡುತ್ತಾ ಬೆಳಗಿನ ತಡವನ್ನು ಸಂಜೆಗೆ ಹೊತ್ತು ತರುತ್ತದೆ.

ತಾರೀಖಿನ ತಪ್ಪಂತೂ ಬುದ್ಧಿವಂತರನ್ನೂ ಬಿಡುವುದಿಲ್ಲ. 14ರ ನಡುರಾತ್ರಿ ದಾಟಿ 12.30ಕ್ಕೆ ಇಳಿದರೆ ಟಿಕೆಟ್‌ನಲ್ಲಿ 15 ಅಂತ ಇರುತ್ತದೆ. ಅದನ್ನು ನೋಡಿ 15ಕ್ಕೆ ಹೋಟೆಲ್ ಮಾಡಿದರೆ, ನಡುರಾತ್ರಿ ನಿದ್ದೆಗಣ್ಣಿನ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ರಿಸೆಪ್ಷನ್ ಮುಂದೆ ನಿಲ್ಲಬೇಕು. ನಿಮ್ಮ ರೂಮು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಬುಕ್ ಮಾಡಬೇಕಾದದ್ದು 14ರ ರಾತ್ರಿಯನ್ನು. ಜೊತೆಗೆ "ತಡರಾತ್ರಿ ಬರುತ್ತೇವೆ" ಅಂತ ಒಂದು ಸಾಲು ಬರೆದು ಕಳಿಸಿ, ಇಲ್ಲದಿದ್ದರೆ ಬರಲಿಲ್ಲವೆಂದು ರೂಮು ಬೇರೆಯವರ ಪಾಲಾದೀತು. ಸಂಜೆಯೊಳಗೆ ಇಳಿಯುವವರು ಬಂದರಿನ ಹತ್ತಿರ ಉಳಿಯಿರಿ, ರಾತ್ರಿ ಹತ್ತರ ನಂತರವಾದರೆ ಏರ್‌ಪೋರ್ಟ್ ಪಕ್ಕ.

ಇನ್ನು ಲಗೇಜು. ಅರ್ಧ ಗೋಳು ಇರುವುದೇ ಇಲ್ಲಿ. ಒಬ್ಬೊಬ್ಬರ ಬಟ್ಟೆ ಒಂದೊಂದು ಸೂಟ್‌ಕೇಸಿನಲ್ಲಿ ತುಂಬಬೇಡಿ, ಎಲ್ಲರದ್ದನ್ನೂ ಹಂಚಿ ಹಾಕಿ. ಆಗ ಒಂದು ಪೆಟ್ಟಿಗೆ ಬಾರದೇ ಹೋದರೂ ಯಾರೊಬ್ಬರೂ ಉಟ್ಟ ಬಟ್ಟೆಯಲ್ಲೇ ವಾರ ಕಳೆಯಬೇಕಾಗುವುದಿಲ್ಲ. ಪೆಟ್ಟಿಗೆ ಬರಲಿಲ್ಲವೆಂದರೆ ಏರ್‌ಪೋರ್ಟ್ ಬಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ ನಂಬರ್ ಪಡೆಯಿರಿ. ವಿಳಾಸದ ಜಾಗದಲ್ಲಿ ಹೋಟೆಲ್ ಮಾತ್ರವಲ್ಲ, ಹಡಗಿನ ಹೆಸರು, ಹೊರಡುವ ದಿನ, ಮುಂದಿನ ಬಂದರುಗಳ ಪಟ್ಟಿ ಕೊಡಿ. ಇಲ್ಲವಾದರೆ ನೀವು ಸಮುದ್ರದಲ್ಲಿರುವಾಗ ಪೆಟ್ಟಿಗೆ ನೀವು ಬಿಟ್ಟುಹೋದ ಹೋಟೆಲಿಗೆ ಬಂದು ಕೂತಿರುತ್ತದೆ.

ಹಡಗಿನವರು ಕೊಡುವ ಕಾಗದದ ಟ್ಯಾಗನ್ನು ಮನೆಯಲ್ಲೇ ಅಂಟಿಸಿ ವಿಮಾನಕ್ಕೆ ಹಾಕುವ ಉತ್ಸಾಹ ಬೇಡ. ಏರ್‌ಪೋರ್ಟ್ ಬೆಲ್ಟಿನಲ್ಲಿ ಅದು ಹರಿದು ಹೋಗುತ್ತದೆ. ಹೋಟೆಲಿನಿಂದ ಹೊರಡುವ ಬೆಳಿಗ್ಗೆ ಹಿಡಿಗೆ ಸುತ್ತಿ, ಎರಡು ಮೂರು ಸ್ಟೇಪಲ್ ಪಿನ್ ಹೊಡೆದರೆ ಸಾಕು.

ಬಂದರಿನಲ್ಲಿ ಪೋರ್ಟರ್ ಕೈಗೆ ಕೊಟ್ಟ ಪೆಟ್ಟಿಗೆ ಮತ್ತೆ ಸಿಗುವುದು ಸಂಜೆಗೆ. ಆ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್ ಇದ್ದ ಬ್ಯಾಗನ್ನೇ ಟ್ರಾಲಿಗೆ ಎಸೆಯುವ ಕುಟುಂಬಗಳಿಗೆ ಲೆಕ್ಕವಿಲ್ಲ. ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಈಜುಡುಗೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಇವಿಷ್ಟು ಹೆಗಲ ಮೇಲಿರಲಿ. ಪವರ್ ಬ್ಯಾಂಕ್ ವಿಮಾನದಲ್ಲೂ ಕೈಚೀಲದಲ್ಲೇ ಇರಬೇಕು, ಮತ್ತು 100 ವ್ಯಾಟ್-ಅವರ್ ಒಳಗೆ, ಅಂದರೆ ಹೆಚ್ಚುಕಡಿಮೆ 27,000 ಎಂಎಎಚ್. ವಿಮಾನದವರು ಬಿಟ್ಟದ್ದನ್ನೆಲ್ಲ ಹಡಗಿನವರು ಬಿಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಮೇಣದ ಬತ್ತಿ, ಸರ್ಜ್ ಪ್ರೊಟೆಕ್ಟರ್ (ಕರೆಂಟು ಏಕಾಏಕಿ ಏರಿದರೆ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಮೂರೂ ಬೇಡ. ಹಡಗಿನ ವೈರಿಂಗ್ ಮನೆಯದ್ದರಂತಲ್ಲ, ಅಲ್ಲಿ ಸರ್ಜ್ ಪ್ರೊಟೆಕ್ಟರೇ ಬಿಸಿಯಾಗಿ ಬೆಂಕಿ ಹತ್ತಬಹುದು.

ಕಾಗದಪತ್ರ ನೋಡುವಾಗ ವೀಸಾ ಎಷ್ಟು ಸಲದ ಪ್ರವೇಶಕ್ಕೆ ಅನ್ನುವುದನ್ನು ಮರೆಯಬೇಡಿ. ಗ್ರೀಸ್‌ನಲ್ಲಿ ಹತ್ತಿ, ಟರ್ಕಿ ಮುಟ್ಟಿ, ಮತ್ತೆ ಗ್ರೀಸ್‌ಗೆ ಬರುವ ಹಡಗಿದ್ದರೆ ಒಂದೇ ಪ್ರವೇಶದ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾ) ಸಾಲದು, ಏಕೆಂದರೆ ಟರ್ಕಿ ಅದರ ಹೊರಗಿದೆ. ಆರು ತಿಂಗಳೊಳಗಿನ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸುವುದಿಲ್ಲ. 24 ವಾರ ತುಂಬಿದ ಗರ್ಭಿಣಿಯರನ್ನೂ ಅಷ್ಟೇ.

ಮಕ್ಕಳ ವಿಚಾರದಲ್ಲಿ ಒಂದೇ ಮಾತು. ಮಗು ಮಲಗಿದೆಯಲ್ಲ ಅಂತ ವಿಮಾನ ಇಳಿಯುವವರೆಗೂ ಬಿಡಬೇಡಿ. ನಿದ್ದೆಯಲ್ಲಿ ಎಂಜಲು ನುಂಗುವುದು ಕಡಿಮೆ, ಕಿವಿಯ ಒತ್ತಡ ಸರಿಹೋಗುವುದಿಲ್ಲ, ಎಚ್ಚರವಾಗುವುದೇ ಚೀರಾಟದಿಂದ. ಕೆಳಗಿಳಿಯಲು ಶುರುವಾದಾಗ, ಅಂದರೆ ಸುಮಾರು ಅರ್ಧ ಗಂಟೆ ಮೊದಲು, ಎಬ್ಬಿಸಿ ಗುಟುಕು ಗುಟುಕಾಗಿ ಏನಾದರೂ ಕುಡಿಸಿ.

ಮರುದಿನ ಬಂದರಿಗೆ ಹೋಗುವ ಟ್ಯಾಕ್ಸಿಗೆ ಜನರ ಲೆಕ್ಕ ಹೇಳಿದರೆ ಸಾಲದು, ಪೆಟ್ಟಿಗೆಗಳ ಲೆಕ್ಕ ಹೇಳಿ. ನಾಲ್ವರು ಕೂರುವ ಕಾರಿನ ಡಿಕ್ಕಿಗೆ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ. ಹಡಗಿನ ಬೋರ್ಡಿಂಗ್ ಪಾಸು ಕಾಗದದಲ್ಲೂ ಇರಲಿ, ಅಪ್ಪನ ಫೋನು ಅಷ್ಟು ಹೊತ್ತಿಗೆ ಮಕ್ಕಳ ಕೈಯಲ್ಲಿ ಸತ್ತಿರುತ್ತದೆ.

ಹಡಗು ಹತ್ತಿದ ಕೂಡಲೇ ಸುಸ್ತು ಅಂತ ಮಲಗುವ ಮೊದಲು ಸುರಕ್ಷತಾ ತಾಲೀಮು ಮುಗಿಸಿ. 2012ರ ಜನವರಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದಾಗ, ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಈ ತಾಲೀಮು ಆಗಿರಲಿಲ್ಲ. ಆಮೇಲೆ ನಿಯಮ ಬದಲಾಯಿತು. ಈಗ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಆಗಬೇಕು. ನಂತರ ಹಾಯಾಗಿ ಮಲಗಿ. ಎದ್ದಾಗ ಪೆಟ್ಟಿಗೆಗಳು ಬಾಗಿಲ ಮುಂದಿರುತ್ತವೆ. ರಾತ್ರಿಯಾದರೂ ಒಂದು ಬರಲಿಲ್ಲವೆಂದರೆ ಕಳೆದುಹೋಯಿತೆಂದು ಗಾಬರಿ ಬೀಳುವ ಮೊದಲು, ಅದರೊಳಗೆ ಇಸ್ತ್ರಿ ಪೆಟ್ಟಿಗೆ ಇತ್ತೇ ಅಂತ ಮನೆಯವರನ್ನು ಕೇಳಿ ನೋಡಿ.